ಕರ್ಣನ ಎದೆ ಮೇಲೊಂದು ಸೂರ್ಯ: ನಾಟಕದ ಕವಚಕ್ಕೆ ಮನೆಯಲ್ಲೇ ಲೈಟ್ ಹಾಕುವ ಬಗೆ

ಹೋದ ವರ್ಷ ನಮ್ಮೂರ ಹಬ್ಬದ ನಾಟಕದಲ್ಲಿ ಕರ್ಣನ ಕವಚ ಇಂದ್ರ ಬರುವ ಮೊದಲೇ ಆರಿಹೋಯಿತು. ರಾತ್ರಿ ಒಂದೂವರೆ ಗಂಟೆ. ಕರ್ಣನಾಗಿದ್ದ ನಮ್ಮ ಚಿಕ್ಕಪ್ಪ ಎದೆ ಸೆಟೆಸಿ, ಕೈ ಎತ್ತಿ, ಸೂರ್ಯನಿಗೆ ನಮಸ್ಕಾರ ಮಾಡುವ ಕಂದ ಪದ್ಯ ಶುರು ಮಾಡಿದ್ದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಎದೆ ಮೇಲಿನ ದೀಪ ಪುಸಕ್ಕನೆ ಆರಿತು. ಮುಂದೆ ಚಾಪೆ ಹಾಸಿಕೊಂಡು ಕೂತಿದ್ದ ಹುಡುಗರು "ಕರೆಂಟ್ ಹೋಯ್ತು, ಕರೆಂಟ್ ಹೋಯ್ತು" ಅಂತ ಸಿಳ್ಳೆ ಹೊಡೆದರು. ಆಮೇಲೆ ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕವಚ ದಾನ ಕೇಳಿದಾಗ ಹಿಂದಿನಿಂದ ಒಬ್ಬ, "ಆಗ್ಲೇ ಫ್ಯೂಸ್ ಹೋಗೈತೆ, ತಗಂಡೋಗಿ ಏನ್ ಮಾಡ್ತೀಯ ಸ್ವಾಮಿ" ಅಂದ. ಇಡೀ ಊರು ನಕ್ಕಿತು. ಚಿಕ್ಕಪ್ಪ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ.

ಯಾಕೆಂದರೆ ಆ ಕವಚ ಮಾಡಿಕೊಟ್ಟವನು ನಾನೇ.

ಈ ಸಲ ಹಟ ಹಿಡಿದು ಮತ್ತೆ ಮಾಡಿದೆ, ಸರಿಯಾಗಿ ಕೆಲಸ ಮಾಡಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ತುಮಕೂರು ಕಡೆ ಪೌರಾಣಿಕ ನಾಟಕದ ಹುಚ್ಚು ಇಲ್ಲದ ಊರು ಕಡಿಮೆ. 1884ರಲ್ಲಿ ನಾಟಕ ಕಂಪನಿ ಕಟ್ಟಿದ ಗುಬ್ಬಿ ಇಲ್ಲೇ ಪಕ್ಕದಲ್ಲಿದೆ. ತಿಪಟೂರು ಕಡೆ ಹೋದರೆ ಕೊನೇಹಳ್ಳಿಯ ಮೂಡಲಪಾಯ ಯಕ್ಷಗಾನ ಇದೆ. ಹಳಬರು ಕಿರೀಟಕ್ಕೆ, ಭುಜಕೀರ್ತಿಗೆ ಹೊಳೆಯುವ ಬೇಗಡೆ ಹಾಳೆ ಮತ್ತು ಕನ್ನಡಿ ಚೂರು ಅಂಟಿಸುತ್ತಿದ್ದರು. ಪಂಜಿನ ಬೆಳಕು ಬಿದ್ದರೆ ಅವು ತಾವೇ ಹೊಳೆಯುತ್ತಿದ್ದವು. ನಾವು ಈಗ ಎಲ್‌ಇಡಿ ಹಾಕುತ್ತಿದ್ದೇವೆ, ಅಷ್ಟೇ ವ್ಯತ್ಯಾಸ. ಕರ್ಣ ಬೇಡ ಅಂದರೆ ಇದೇ ಕ್ರಮದಲ್ಲಿ ಮಕ್ಕಳ ಛದ್ಮವೇಷಕ್ಕೆ ದೇವಿಯ ಪ್ರಭಾವಳಿಯನ್ನೋ, ಕೃಷ್ಣನ ಕಿರೀಟವನ್ನೋ ಮಾಡಬಹುದು.

ನನ್ನ ಲೆಕ್ಕ ಇಷ್ಟು. ಕವಚ ಮೈಮೇಲೆ ಇರುವಷ್ಟು ಹೊತ್ತು ಉರಿಯಬೇಕು. ಕರ್ಣ ಕಿತ್ತುಕೊಟ್ಟ ಕ್ಷಣಕ್ಕೆ ಆರಬೇಕು. ಒಂದು ಸೆಕೆಂಡ್ ಮುಂಚೆ ಬೇಡ, ಒಂದು ಸೆಕೆಂಡ್ ತಡ ಬೇಡ. ಹಾಗಾಗಿ ಬ್ಯಾಟರಿ ಸೊಂಟದಲ್ಲಿ, ದೀಪ ಎದೆಯಲ್ಲಿ, ನಡುವೆ ಎಳೆದರೆ ಬಿಟ್ಟುಕೊಳ್ಳುವ ಒಂದು ಪಿನ್. ಕವಚ ಮೈಬಿಟ್ಟ ತಕ್ಷಣ ಅದರ ಪ್ರಾಣ ಹೋಗುತ್ತದೆ. ನಟ ಯಾವ ಸ್ವಿಚ್ಚನ್ನೂ ಹುಡುಕಬೇಕಾಗಿಲ್ಲ.

ಹೋದ ವರ್ಷ ಯಾಕೆ ಆರಿತು?

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹಳ ಜನ ಇದೇ ಗುಂಡಿಗೆ ಬೀಳುತ್ತಾರೆ. ಆಗ ನಾನು ಹಾಕಿದ್ದು ತೆಳ್ಳಗಿನ ತಾಮ್ರದ ತಂತಿಯ ಫೇರಿ ಲೈಟ್, ಯುಎಸ್‌ಬಿ ತುದಿಯದ್ದು. ಅದನ್ನು ಮೊಬೈಲಿನ ಪವರ್ ಬ್ಯಾಂಕಿಗೆ ಸಿಕ್ಕಿಸಿದ್ದೆ. ಮನೆಯಲ್ಲಿ ಹಾಕಿ ನೋಡಿದಾಗ ಚೆನ್ನಾಗೇ ಉರಿಯಿತು. ಆದರೆ ಮನೆಯಲ್ಲಿ ನಾನು ನೋಡಿದ್ದು ಹತ್ತು ಸೆಕೆಂಡ್ ಮಾತ್ರ.

ಪವರ್ ಬ್ಯಾಂಕ್ ಮಾಡಿರುವುದು ಮೊಬೈಲಿಗಾಗಿ. ಮೊಬೈಲ್ ತುಂಬಿದ ಮೇಲೆ ಕರೆಂಟ್ ಎಳೆಯುವುದು ತೀರಾ ಕಡಿಮೆಯಾಗುತ್ತದೆ. ಆಗ ಪವರ್ ಬ್ಯಾಂಕ್ "ಕೆಲಸ ಮುಗೀತು" ಅಂದುಕೊಂಡು ತಾನೇ ಆಫ್ ಆಗುತ್ತದೆ. ಬಹಳಷ್ಟು ಪವರ್ ಬ್ಯಾಂಕುಗಳಿಗೆ ಈ ಗಡಿ 50ರಿಂದ 100 ಮಿಲಿಆಂಪ್ ಆಸುಪಾಸು. ಸಣ್ಣ ಫೇರಿ ಲೈಟ್ ಎಳೆಯುವುದು ಅದಕ್ಕಿಂತ ಕಡಿಮೆ ಇದ್ದರೆ, ಏನೂ ಸಿಕ್ಕಿಸಿಲ್ಲ ಅಂತಲೇ ಅದರ ಲೆಕ್ಕ. ಅರ್ಧ ನಿಮಿಷದ ಆಸುಪಾಸಿನಲ್ಲಿ ಕಣ್ಣು ಮುಚ್ಚುತ್ತದೆ. ಚಿಕ್ಕಪ್ಪನ ಕಂದದ ಎರಡನೇ ಸಾಲು ಬಂದದ್ದೂ ಅಷ್ಟೊತ್ತಿಗೇ.

ಇದಕ್ಕೆ ದಾರಿ ಎರಡು. ದೀಪ ಸಣ್ಣದಾದರೆ ಪವರ್ ಬ್ಯಾಂಕ್ ಬಿಟ್ಟುಬಿಡಿ, ಮೂರು ಪೆನ್ಸಿಲ್ ಸೆಲ್ ಹಿಡಿಯುವ ಡಬ್ಬಿ ಹಾಕಿ. ಒಂದೊಂದು ಸೆಲ್ ಒಂದೂವರೆ ವೋಲ್ಟ್, ಮೂರು ಸೇರಿ ನಾಲ್ಕೂವರೆ. ಅದು ಯಾವತ್ತೂ ತಾನಾಗಿ ಆಫ್ ಆಗಲ್ಲ. ದೀಪ ದೊಡ್ಡದಾದರೆ ಪವರ್ ಬ್ಯಾಂಕ್ ಸಾಕು, ಕರೆಂಟ್ ಜಾಸ್ತಿ ಎಳೆಯುವುದರಿಂದ ಅದು ಎಚ್ಚರವಾಗಿಯೇ ಇರುತ್ತದೆ. ಈ ಸಲ ನಾನು ಹಿಡಿದದ್ದು ಎರಡನೇ ದಾರಿ.

ಏನೇನು ಬೇಕು

ಚಪ್ಪಲಿ ಅಟ್ಟೆಗೆ ಹಾಕುವ ಇವಿಎ ಫೋಮ್ ಶೀಟ್, 5ರಿಂದ 6 ಮಿಲಿಮೀಟರ್ ದಪ್ಪದ್ದು. ಸ್ಟೇಷನರಿ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 2 ಮಿಲಿಮೀಟರಿನದ್ದು, ಅದು ಎದೆಗೆ ನಿಲ್ಲಲ್ಲ. ಚಪ್ಪಲಿ ಹೊಲಿಯುವವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿ. ಸಿಗದಿದ್ದರೆ ಮಕ್ಕಳು ಆಡಲು ನೆಲಕ್ಕೆ ಜೋಡಿಸುವ ಮ್ಯಾಟ್ ಇರುತ್ತದಲ್ಲ, ಅದೂ ಇದೇ ಫೋಮ್. ಸ್ವಲ್ಪ ದಪ್ಪ, ಆದರೆ ನಡೆಯುತ್ತದೆ.

5 ವೋಲ್ಟಿನ ಎಲ್‌ಇಡಿ ಸ್ಟ್ರಿಪ್ ಒಂದು ಮೀಟರ್. ಮೀಟರಿಗೆ 60 ದೀಪದ್ದು, ಹಳದಿ ಛಾಯೆಯದ್ದು. ಅಂಗಡಿಯವರು ವಾರ್ಮ್ ವೈಟ್ ಅನ್ನುತ್ತಾರೆ. ಸುಮ್ನೆ ಬಿಳಿ ಕೊಡಿ ಅಂದರೆ ಟ್ಯೂಬ್‌ಲೈಟ್ ಬಣ್ಣದ್ದು ಕೊಡುತ್ತಾರೆ. ಚಿನ್ನದ ಬಣ್ಣದ ಮೇಲೆ ಅದು ಬಿದ್ದರೆ ಕರ್ಣ ಕಾಮಾಲೆಯವನ ಹಾಗೆ ಕಾಣುತ್ತಾನೆ. ಇನ್ನೊಂದು ವಿಷಯ: ಮನೆಯ ಸೀಲಿಂಗಿಗೆ ಹಾಕುವ ಸ್ಟ್ರಿಪ್ ಹೆಚ್ಚಾಗಿ 12 ವೋಲ್ಟಿನದ್ದು, ಪವರ್ ಬ್ಯಾಂಕಿನ 5 ವೋಲ್ಟಿಗೆ ಉರಿಯಲ್ಲ. ತಗೊಳ್ಳುವಾಗ ಕೇಳಿ ತಗೊಳ್ಳಿ.

10000 ಎಂಎಎಚ್ ಪವರ್ ಬ್ಯಾಂಕ್, ಒಂದು ಹಳೇ ಯುಎಸ್‌ಬಿ ಕೇಬಲ್, ಕೆಂಪು ಕಪ್ಪು ವೈರ್ ಒಂದೊಂದು ಮೀಟರ್, ದುಂಡನೆಯ ಡಿಸಿ ಪಿನ್ ಮತ್ತು ಸಾಕೆಟ್ ಒಂದು ಜೊತೆ, ಬೆಸುಗೆ ಕಡ್ಡಿ, ಬೆಸುಗೆಯ ಸೀಸ (ಸೋಲ್ಡರ್ ತಂತಿ), ಬಿಸಿ ಮಾಡಿದರೆ ಕುಗ್ಗಿ ವೈರಿಗೆ ಬಿಗಿಯುವ ಹೀಟ್ ಶ್ರಿಂಕ್ ಟ್ಯೂಬ್. ಅಡುಗೆಮನೆಯಿಂದ ಒಂದು ಪ್ಲಾಸ್ಟಿಕ್ ಡಬ್ಬಿಯ ಗುಂಡು ಮುಚ್ಚಳ ಮತ್ತು ಬಟರ್ ಪೇಪರ್. ತುಮಕೂರಿನಲ್ಲಿ ಮಂಡಿಪೇಟೆ, ಅಶೋಕ ರಸ್ತೆ, ಎಂ.ಜಿ. ರಸ್ತೆ ಸುತ್ತಿದರೆ ಹೆಚ್ಚಿನವು ಸಿಗುತ್ತವೆ. ಸಿಗದ ಸಣ್ಣಪುಟ್ಟದ್ದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆ ಇದ್ದೇ ಇದೆ. ವೈರ್ ತಗೊಳ್ಳುವಾಗ ಒಳಗೆ ಕೂದಲೆಳೆಯಂಥ ಬಹಳ ಎಳೆ ಇರುವ ವೈರ್ ಕೇಳಿ. ಒಂದೇ ಗಟ್ಟಿ ತಂತಿಯದ್ದು ನಾಲ್ಕು ಸಲ ಬಗ್ಗಿದರೆ ಒಳಗೇ ಮುರಿಯುತ್ತದೆ. ಹೊರಗೆ ಏನೂ ಕಾಣಲ್ಲ, ಹುಡುಕಿ ಸಾಯಬೇಕು.

ಬೇಡವಾದದ್ದನ್ನೂ ಹೇಳುತ್ತೇನೆ. ಗಣೇಶನ ಪೆಂಡಾಲಿಗೆ ಹಾಕುವ ಸೀರಿಯಲ್ ಸೆಟ್ಟನ್ನು ಯಾರೂ ಮೈಗೆ ಸುತ್ತಿಕೊಳ್ಳಬೇಡಿ. ಅದರಲ್ಲಿ ಹರಿಯುವುದು ಗೋಡೆಯ 230 ವೋಲ್ಟ್. ಬೆವರಿದ ಮೈಗೆ ಅದು ಯಮ. ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿದ ಬಿಡಿ ಲಿಥಿಯಂ ಸೆಲ್ಲುಗಳೂ ಬೇಡ. ಅವಕ್ಕೆ ಕಾವಲು ಸರ್ಕ್ಯೂಟ್ ಇರಲ್ಲ, ಎರಡು ವೈರ್ ತಾಗಿಕೊಂಡರೆ ಕೆಂಪಗೆ ಕಾದು ಉರಿದುಹೋಗುತ್ತವೆ. ಪವರ್ ಬ್ಯಾಂಕಿನಲ್ಲಿ ಆ ಕಾವಲು ಒಳಗೇ ಇರುತ್ತದೆ. ಹೊಟ್ಟೆ ಉಬ್ಬಿದ ಪವರ್ ಬ್ಯಾಂಕ್ ಮಾತ್ರ ಎಷ್ಟೇ ಚೆನ್ನಾಗಿ ಚಾರ್ಜ್ ಆಗಲಿ, ಮುಟ್ಟಬೇಡಿ.

ಅಳತೆ ಮತ್ತು ಆಕಾರ

ನಟನನ್ನು ನಿಲ್ಲಿಸಿ ಅಳತೆ ತಗೊಳ್ಳಿ. ಬನಿಯನ್ ಮೇಲೆ ಅಲ್ಲ, ನಾಟಕದ ದಿನ ಹಾಕುವ ಉಡುಪಿನ ಮೇಲೆ. ಚಿಕ್ಕಪ್ಪನಿಗೆ ಒಳಗೆ ಜರಿಯ ನಿಲುವಂಗಿ, ಸೊಂಟಕ್ಕೆ ದಪ್ಪ ಪಟ್ಟಿ ಇರುತ್ತದೆ. ಮೊದಲ ಸಲ ಬನಿಯನ್ ಮೇಲೆ ಅಳೆದು ಎರಡು ಇಂಚು ಕಮ್ಮಿ ಬಿತ್ತು.

ದಿನಪತ್ರಿಕೆಯ ಹಾಳೆಯನ್ನು ಎದೆಗೆ ಹಿಡಿದು, ಕತ್ತಿನ ಸುತ್ತು, ಕಂಕುಳು, ಹೊಟ್ಟೆಯ ಮೇಲ್ಭಾಗ ಗುರುತು ಮಾಡಿ. ಮಧ್ಯಕ್ಕೆ ಮಡಚಿ ಕತ್ತರಿಸಿದರೆ ಎರಡೂ ಕಡೆ ಒಂದೇ ಸಮ ಬರುತ್ತದೆ. ಈ ಕಾಗದವನ್ನು ಮತ್ತೆ ಹಾಕಿ ನೋಡಿ, ಎರಡೂ ಕೈ ಎತ್ತಿಸಿ, ಬಾಣ ಬಿಡುವ ಹಾಗೆ ಮಾಡಿಸಿ. ಎಲ್ಲಿ ಹರಿಯುತ್ತದೋ ಅಲ್ಲಿ ಕವಚವೂ ಹಿಡಿಯುತ್ತದೆ, ಅಲ್ಲಿ ಇನ್ನಷ್ಟು ಕತ್ತರಿಸಿ. ಆಮೇಲೆ ಫೋಮ್ ಮೇಲೆ ಇಟ್ಟು ಪೆನ್ನಿನಲ್ಲಿ ಬರೆದು ಹೊಸ ಬ್ಲೇಡ್ ಹಾಕಿದ ಕಟ್ಟರಿನಲ್ಲಿ ಕತ್ತರಿಸಿ. ಮೊಂಡು ಬ್ಲೇಡ್ ಫೋಮನ್ನು ಕಚ್ಚಿ ಕಚ್ಚಿ ಹರಿಯುತ್ತದೆ.

ಚಪ್ಪಟೆ ಫೋಮ್ ಎದೆಗೆ ಕೂರಲ್ಲ, ಬಾಗಿಸಬೇಕು. ಇಸ್ತ್ರಿಪೆಟ್ಟಿಗೆಯನ್ನು ಮಧ್ಯಮ ಬಿಸಿಗೆ ಇಟ್ಟು, ಫೋಮ್ ಮೇಲೆ ಬಟರ್ ಪೇಪರ್ ಹಾಕಿ ನಿಧಾನಕ್ಕೆ ಓಡಿಸಿ. ಮೆತ್ತಗಾದ ಮೇಲೆ ಬೋರಲು ಹಾಕಿದ ಬಿಂದಿಗೆಯ ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಿ, ಪೂರ್ತಿ ತಣ್ಣಗಾಗುವವರೆಗೂ ಬಿಡಬೇಡಿ. ತಣ್ಣಗಾದರೆ ಆ ಬಾಗು ಹಾಗೇ ನಿಲ್ಲುತ್ತದೆ. ಕಿಟಕಿ ತೆಗೆದಿರಲಿ, ಸ್ವಲ್ಪ ವಾಸನೆ ಬರುತ್ತದೆ. ಇಸ್ತ್ರಿಪೆಟ್ಟಿಗೆ ನೇರವಾಗಿ ಫೋಮಿಗೆ ತಾಗಿದರೆ ಅಂಟಿಕೊಂಡು, ಮಾರನೆ ದಿನ ಅಮ್ಮನ ರವಿಕೆ ಮೇಲೆ ಮಚ್ಚೆ ಬೀಳುತ್ತದೆ. ಅದೂ ನಮ್ಮ ಮನೆಯಲ್ಲಿ ಆಗಿದೆ.

ಥರ್ಮಾಕೋಲಿನಲ್ಲಿ ಯಾಕೆ ಮಾಡಬಾರದು ಅಂತ ಕೇಳಬಹುದು. ಮೊದಲು ನಾನೂ ಅದರಲ್ಲೇ ಮಾಡಿದೆ. ಚಪ್ಪಲಿ ಅಂಟಿಸುವ ರಬ್ಬರ್ ಗಮ್ ಹಚ್ಚಿ ಟೀ ಕುಡಿಯಲು ಎದ್ದುಹೋದೆ. ಬಂದು ನೋಡಿದರೆ ಕರ್ಣನ ಎದೆಯಲ್ಲಿ ಮುಷ್ಟಿ ಗಾತ್ರದ ತೂತು! ಆ ಗಮ್ಮಿನಲ್ಲಿರುವ ದ್ರಾವಣ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಸ್ಪ್ರೇ ಪೇಂಟೂ ಹಾಗೇ. ಥರ್ಮಾಕೋಲಿಗೆ ಫೆವಿಕಾಲ್ ಮಾತ್ರ ಸರಿ. ಇವಿಎ ಫೋಮಿಗೆ ಉಲ್ಟಾ, ರಬ್ಬರ್ ಗಮ್ಮೇ ಗಟ್ಟಿ. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ. ಹಸಿ ಇರುವಾಗಲೇ ಒತ್ತಿದರೆ ಜಾರುತ್ತದೆ.

ಬಣ್ಣಕ್ಕೆ ಮೊದಲು ಫೆವಿಕಾಲಿಗೆ ಅಷ್ಟೇ ನೀರು ಬೆರೆಸಿ ಮೂರು ನಾಲ್ಕು ಸಲ ಬಳಿಯಿರಿ. ಇಲ್ಲದಿದ್ದರೆ ಫೋಮ್ ಗೋಲ್ಡ್ ಪೇಂಟನ್ನೆಲ್ಲ ಕುಡಿದು ಮಂಕಾಗುತ್ತದೆ. ಒಂದು ಸಲ ಬಳಿದದ್ದು ಒಣಗಿದ ಮೇಲೆ ಇನ್ನೊಂದು. ಇದರಲ್ಲಿ ಹೇಳುವಂಥದ್ದೇನಿಲ್ಲ, ತಾಳ್ಮೆ ಬೇಕಷ್ಟೇ.

ಸೂರ್ಯನ ಡಬ್ಬಿ

ಕರ್ಣ ಸೂರ್ಯನ ಮಗ. ಹಾಗಾಗಿ ಎದೆಯ ನಟ್ಟನಡುವೆ ಒಬ್ಬ ಸೂರ್ಯ. ಇದೇ ಕವಚದ ಜೀವ, ಇಲ್ಲಿ ಸ್ವಲ್ಪ ನಿಧಾನಿಸೋಣ.

ಎಲ್‌ಇಡಿ ಸ್ಟ್ರಿಪ್ಪನ್ನು ನೇರವಾಗಿ ಮುಂದಕ್ಕೆ ಮುಖ ಮಾಡಿ ಅಂಟಿಸಿದರೆ ಚುಕ್ಕಿ ಚುಕ್ಕಿ ಕಾಣುತ್ತದೆ. ಸೂರ್ಯ ಅನ್ನಿಸಲ್ಲ, ಮೊಬೈಲ್ ಅಂಗಡಿಯ ಬೋರ್ಡ್ ಅನ್ನಿಸುತ್ತದೆ. ಮೀಟರಿಗೆ 60 ದೀಪ ಅಂದರೆ ಒಂದರಿಂದ ಇನ್ನೊಂದಕ್ಕೆ ಸುಮಾರು 1.7 ಸೆಂಟಿಮೀಟರ್ ಅಂತರ. ಚುಕ್ಕಿ ಮಾಯವಾಗಬೇಕಾದರೆ ಮುಂದಿನ ಪರದೆಯೂ ಹೆಚ್ಚುಕಡಿಮೆ ಅಷ್ಟೇ ದೂರ ಇರಬೇಕು. ತೆಳ್ಳಗಿನ ಮುಚ್ಚಳದಲ್ಲಿ ಅಷ್ಟು ಜಾಗ ಸಿಗಲ್ಲ.

ಇದಕ್ಕೊಂದು ಉಪಾಯ ಇದೆ. ದೀಪಗಳನ್ನು ಮುಂದಕ್ಕೆ ತಿರುಗಿಸಬೇಡಿ, ಒಳಕ್ಕೆ ತಿರುಗಿಸಿ. ಡಬ್ಬಿಯ ಮುಚ್ಚಳ ತಗೊಳ್ಳಿ. ನಾನು ತಗೊಂಡದ್ದು ಹಪ್ಪಳದ ಡಬ್ಬಿಯದ್ದು, 14 ಸೆಂಟಿಮೀಟರ್ ಅಗಲ, ಒಂದೂವರೆ ಸೆಂಟಿಮೀಟರ್ ಆಳ. ಅದರ ತಳಕ್ಕೆ ಬಿಳಿ ಚಾರ್ಟ್ ಪೇಪರ್ ಅಂಟಿಸಿ. ಒಳಗೋಡೆಗೆ ಸುತ್ತಲೂ ಸ್ಟ್ರಿಪ್ ಅಂಟಿಸಿ, ದೀಪಗಳೆಲ್ಲ ನಡುವಿನ ಕಡೆ ನೋಡುವ ಹಾಗೆ. ಬೆಳಕು ಹೋಗಿ ಬಿಳಿ ತಳಕ್ಕೆ ಬಡಿದು, ಅಲ್ಲಿಂದ ಚೆದುರಿ ಮುಂದಕ್ಕೆ ಬರುತ್ತದೆ. ಬಾಯಿಗೆ ಎರಡು ಪದರ ಬಟರ್ ಪೇಪರ್ ಬಿಗಿದರೆ ಒಂದು ಚುಕ್ಕಿಯೂ ಕಾಣಲ್ಲ, ಇಡೀ ವೃತ್ತ ಬೆಳಗ್ಗೆ ಆರೂವರೆಯ ಸೂರ್ಯನ ಹಾಗೆ ತುಂಬಿಕೊಂಡು ಉರಿಯುತ್ತದೆ. ಬಟರ್ ಪೇಪರಿನ ಕೆಳಗೆ ಒಂದು ಹಳದಿ ಜಿಲೆಟಿನ್ ಹಾಳೆ ಇಟ್ಟರೆ ಇನ್ನೂ ಚೆಂದ.

ಲೆಕ್ಕ ಹೀಗೆ. 14 ಸೆಂಟಿಮೀಟರ್ ಅಗಲದ ವೃತ್ತದ ಸುತ್ತಳತೆ ಸುಮಾರು 44 ಸೆಂಟಿಮೀಟರ್. ಅಷ್ಟರಲ್ಲಿ 26 ದೀಪ ಕೂರುತ್ತವೆ. ಒಂದು ದೀಪ ಹೆಚ್ಚೆಂದರೆ 20 ಮಿಲಿಆಂಪ್ ಅಂತ ಹಿಡಿದರೂ ಒಟ್ಟು 520, ಅಂದರೆ ಅರ್ಧ ಆಂಪ್. ಪವರ್ ಬ್ಯಾಂಕ್ ನಿದ್ದೆ ಹೋಗುವ ಗಡಿಗಿಂತ ಬಹಳ ಮೇಲೆ. ಇನ್ನು ಎಷ್ಟು ಹೊತ್ತು ಬರುತ್ತದೆ? 10000 ಎಂಎಎಚ್ ಅಂತ ಬರೆದಿರುವುದು ಒಳಗಿನ 3.7 ವೋಲ್ಟಿನ ಲೆಕ್ಕದಲ್ಲಿ. 5 ವೋಲ್ಟಿಗೆ ಏರಿಸುವಾಗ ಸೋರಿ ಹೋಗುವುದನ್ನೆಲ್ಲ ಕಳೆದರೆ ಕೈಗೆ ಸಿಗುವುದು ಆರು ಸಾವಿರದ ಆಸುಪಾಸು. ಅರ್ಧ ಆಂಪಿಗೆ ಹತ್ತು ಗಂಟೆಗಿಂತ ಜಾಸ್ತಿ. ನಾಟಕ ರಾತ್ರಿ ಹತ್ತಕ್ಕೆ ಶುರುವಾಗಿ ಕೋಳಿ ಕೂಗುವಾಗ ಮುಗಿದರೂ ಚಿಂತೆ ಇಲ್ಲ.

ಸ್ಟ್ರಿಪ್ಪನ್ನು ಎಲ್ಲೆಂದರಲ್ಲಿ ಕತ್ತರಿಸಬೇಡಿ. ಅಲ್ಲಲ್ಲಿ ತಾಮ್ರದ ಜೋಡಿ ಚುಕ್ಕಿಗಳ ನಡುವೆ ಒಂದು ಗೆರೆ, ಕೆಲವದರಲ್ಲಿ ಕತ್ತರಿ ಚಿತ್ರ ಇರುತ್ತದೆ. ಅಲ್ಲೇ ಕತ್ತರಿಸಬೇಕು. ತಳಕ್ಕೆ ಬಿಳಿ ಕಾಗದದ ಬದಲು ಅಡುಗೆಯ ಬೆಳ್ಳಿ ಹಾಳೆ ಹಾಕೋಣ, ಜಾಸ್ತಿ ಹೊಳೆಯುತ್ತದೆ ಅಂತ ಅನ್ನಿಸಬಹುದು. ಹಾಕಬೇಡಿ. ಅದು ಅಲ್ಯೂಮಿನಿಯಂ, ಬೆಸುಗೆಯ ಜಾಗಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಬೆಳಕು ಚೆದುರಿಸುವುದರಲ್ಲಿ ಬಿಳಿ ಕಾಗದವೇ ಮೇಲು.

ಬೆಸುಗೆ

ಬೆಸುಗೆ ಹಾಕಿ ಗೊತ್ತಿಲ್ಲದವರು ಇದೊಂದು ಕೆಲಸವನ್ನು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಮಾಡಿಸಿಕೊಳ್ಳಿ, ಐದು ನಿಮಿಷದ್ದು. ನೀವೇ ಮಾಡುವುದಾದರೆ 25 ವಾಟಿನ ಕಡ್ಡಿ ಸಾಕು. ಸ್ಟ್ರಿಪ್ಪಿನ ತಾಮ್ರದ ಚುಕ್ಕಿಗೆ ಮೊದಲು ಸ್ವಲ್ಪ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಪೇಸ್ಟ್) ಸವರಿ, ಒಂದು ಸಣ್ಣ ಗುಂಡು ಸೀಸ ಕೂರಿಸಿ. ವೈರಿನ ತುದಿಗೂ ಸೀಸ ಹಿಡಿಸಿ. ಆಮೇಲೆ ಎರಡನ್ನೂ ಸೇರಿಸಿ ಕಡ್ಡಿ ಮುಟ್ಟಿಸಿ ತೆಗೆಯಿರಿ. ಮೂರು ಸೆಕೆಂಡ್, ಅದಕ್ಕಿಂತ ಜಾಸ್ತಿ ಹಿಡಿದರೆ ತಾಮ್ರದ ಚುಕ್ಕಿಯೇ ಕಿತ್ತು ಬರುತ್ತದೆ. ಪ್ಲಸ್ಸಿಗೆ ಕೆಂಪು, ಮೈನಸ್ಸಿಗೆ ಕಪ್ಪು. ಫ್ಲಕ್ಸಿನ ಹೊಗೆ ಮೂಗಿಗೆ ಎಳೆದುಕೊಳ್ಳಬೇಡಿ. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಸೋಲ್ಡರ್ ತಂತಿಯಲ್ಲಿ ಲೆಡ್ ಇರುತ್ತದೆ, ಹಾಗಾಗಿ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಆಮೇಲೆ ಚಕ್ಕುಲಿ ತಿನ್ನಿ.

ಬೆಸುಗೆ ಮೇಲೆ ಗ್ಲೂ ಗನ್ನಿನ ಒಂದು ಹನಿ ಅಂಟು ಬಿಡಿ. ವೈರ್ ಜಗ್ಗಿದರೆ ಆ ಬಲ ಅಂಟಿನ ಮೇಲೆ ಬೀಳಲಿ, ಬೆಸುಗೆ ಮೇಲೆ ಬೇಡ. ಡಬ್ಬಿ ಮುಚ್ಚುವ ಮೊದಲು ಅರ್ಧ ಗಂಟೆ ಉರಿಸಿಡಿ. ಹತ್ತು ಸೆಕೆಂಡ್ ಅಲ್ಲ! ಕೈಯಿಟ್ಟು ನೋಡಿ, ಬೆಚ್ಚಗಾದರೆ ತೊಂದರೆ ಇಲ್ಲ, ಮುಟ್ಟಲು ಆಗದಷ್ಟು ಸುಟ್ಟರೆ ಎಲ್ಲೋ ಶಾರ್ಟ್ ಇದೆ ಅಂತ ಅರ್ಥ.

ಎಳೆದರೆ ಬಿಡುವ ಪಿನ್

ಯುಎಸ್‌ಬಿ ಕೇಬಲನ್ನು ಕತ್ತರಿಸಿ. ಒಳಗೆ ನಾಲ್ಕು ವೈರ್ ಇದ್ದರೆ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಹಸಿರು, ಬಿಳಿ ನಮಗೆ ಬೇಡ, ಅವನ್ನು ಕತ್ತರಿಸಿ ಟೇಪ್ ಸುತ್ತಿ. ಅಗ್ಗದ ಕೇಬಲುಗಳಲ್ಲಿ ಬಣ್ಣ ಬೇರೆ ಇರುವುದೂ ಉಂಟು, ಮಲ್ಟಿಮೀಟರ್ ಇಟ್ಟು ಒಂದು ಸಲ ನೋಡಿಕೊಳ್ಳಿ. ಪವರ್ ಬ್ಯಾಂಕ್ ಕಡೆಯ ತುಂಡಿಗೆ ಡಿಸಿ ಸಾಕೆಟ್ ಹಾಕಿ, ಕವಚದ ಕಡೆಯ ವೈರಿಗೆ ಪಿನ್ ಹಾಕಿ. ಇದನ್ನು ಅದಲು ಬದಲು ಮಾಡಬೇಡಿ. ಕರೆಂಟ್ ಇರುವ ಕಡೆ ಯಾವಾಗಲೂ ಹೆಣ್ಣು, ಇಲ್ಲದ ಕಡೆ ಗಂಡು. ಮನೆಯ ಗೋಡೆಯಲ್ಲೂ ಹಾಗೇ ತಾನೇ ಇರುವುದು? ಪಿನ್ ಬಿಟ್ಟುಕೊಂಡ ಮೇಲೆ ಸೊಂಟದ ತುದಿ ನಟನ ಜರಿಗೆ, ಡಾಬಿಗೆ, ಕತ್ತಿಯ ಹಿಡಿಗೆ ತಾಗುತ್ತಾ ಇರುತ್ತದೆ. ಅಲ್ಲಿ ಕರೆಂಟ್ ಇರುವ ಲೋಹ ಹೊರಗೆ ಕಾಣಬಾರದು.

ಪ್ರಾಕ್ಟೀಸಿನಲ್ಲಿ ಮೊದಲ ಸಲ ಚಿಕ್ಕಪ್ಪ ಕವಚ ಕಿತ್ತಾಗ ಪಿನ್ ಬಿಡಲೇ ಇಲ್ಲ. ಅದರ ಬದಲು ಪವರ್ ಬ್ಯಾಂಕೇ ಸೊಂಟದಿಂದ ಹೊರಗೆ ಬಂದು ತೊಟ್ಟಿಲ ಹಾಗೆ ತೂಗಾಡಿತು. ಹಾರ್ಮೋನಿಯಂ ಮೇಷ್ಟ್ರು ಕಣ್ಣು ಒರೆಸಿಕೊಂಡು ನಕ್ಕರು.

"ಏನೋ ಇದು, ದಾನ ಕೊಡೋಕೆ ಹೋದ್ರೆ ಕರುಳು ಕಿತ್ತು ಬರ್ತೈತಲ್ಲೋ" ಅಂದರು ಚಿಕ್ಕಪ್ಪ.

"ಇನ್ನೊಂದ್ಸಲ ಕೀಳಿ ಚಿಕ್ಕಪ್ಪ, ನಿಧಾನಕ್ಕೆ. ನೋಡ್ತೀನಿ."

ಹತ್ತಿರ ಕೂತು ನೋಡಿದಾಗ ಗೊತ್ತಾಯಿತು. ಸಾಕೆಟ್ ಮುಖ ಪಕ್ಕಕ್ಕಿತ್ತು, ಅವರು ಕವಚ ಎತ್ತುತ್ತಿದ್ದುದು ಮೇಲಕ್ಕೆ. ಡಿಸಿ ಪಿನ್ ನೇರವಾಗಿ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬರುತ್ತದೆ. ಓರೆ ಎಳೆದರೆ ಕಚ್ಚಿಕೊಳ್ಳುತ್ತದೆ. ಸಾಕೆಟ್ಟನ್ನು ಸೊಂಟಪಟ್ಟಿಗೆ ಎಡಪಕ್ಕೆಯ ಕೆಳಗೆ, ಬಾಯಿ ಮೇಲಕ್ಕೆ ಮಾಡಿ, ದಪ್ಪ ದಾರದಲ್ಲಿ ಹೊಲಿದೆ. ಕವಚದ ಕಡೆಯ ವೈರನ್ನು ಬರೀ ಒಂದು ಗೇಣು ಬಿಟ್ಟು ಉಳಿದದ್ದನ್ನು ಫೋಮಿಗೆ ಅಂಟಿಸಿದೆ. ಆಮೇಲೆ ಇಪ್ಪತ್ತು ಸಲ ಎಳೆಸಿ ನೋಡಿದೆವು, ಇಪ್ಪತ್ತು ಸಲವೂ ಟಕ್ ಅಂತ ಬಿಟ್ಟಿತು. ಪಿನ್ ತೀರಾ ಸಡಿಲ ಇದ್ದರೂ ಕಷ್ಟ, ಗದೆ ಎತ್ತಿದ ತಕ್ಷಣ ಕಳಚಿಕೊಳ್ಳುತ್ತದೆ. ನಟನನ್ನು ಕುಣಿಸಿ, ಕೂರಿಸಿ, ಏಳಿಸಿ ನೋಡಿ.

ಭುಜದ ಮೇಲೆ ಕವಚ ನಿಲ್ಲುವುದು ವೆಲ್ಕ್ರೋ ಪಟ್ಟಿಯಲ್ಲಿ. ಎರಡು ಇಂಚಿಗಿಂತ ಉದ್ದ ಬೇಡ, ಒಂದೇ ಎಳೆತಕ್ಕೆ ಬಿಡಬೇಕು. ಅದು ಬಿಡುವಾಗ ಬರುವ ಚರ್ರ್ ಸದ್ದು ಮೈಕಿನಲ್ಲಿ ಕೇಳಿದರೆ ಬೇಜಾರಾಗಬೇಡಿ. ಚರ್ಮ ಸೀಳಿ ಕವಚ ತೆಗೆದ ಕರ್ಣನಿಗೆ ಆ ಸದ್ದು ಹೊಂದಿಕೊಳ್ಳುತ್ತದೆ. ನಮ್ಮ ತಂಡದವರು ಅದನ್ನು ಬೇಕಂತಲೇ ಉಳಿಸಿಕೊಂಡರು.

ಪವರ್ ಬ್ಯಾಂಕನ್ನು ಮೈಗೆ ನೇರವಾಗಿ ಕಟ್ಟಬೇಡಿ. ಬಟ್ಟೆಯ ಚೀಲದಲ್ಲಿ ಹಾಕಿ ಉಡುಪಿನ ಹೊರಗೆ, ಸೊಂಟಪಟ್ಟಿಯ ಒಳಗೆ ಇಡಿ. ಕವಚದ ಒಳಮೈಗೆ ಹತ್ತಿ ಬಟ್ಟೆ ಅಂಟಿಸಿ. ಫೋಮ್ ಗಾಳಿಯಾಡಲ್ಲ, ಅರ್ಧ ಗಂಟೆಯಲ್ಲಿ ಬೆವರು ಹರಿಯುತ್ತದೆ. ಬೆವರು ಅಂದರೆ ಉಪ್ಪುನೀರು, ಬೆಸುಗೆಗೆ ತಾಗಿದರೆ ಹಸಿರು ಕಟ್ಟಿ ತಿಂದುಹಾಕುತ್ತದೆ. ತೆರೆದ ಒಂದು ಜೋಡಣೆಯನ್ನೂ ಬಿಡದೆ ಹೀಟ್ ಶ್ರಿಂಕ್ ಹಾಕಿ.

ಕುಂಡಲ

ಇದು ಸುಲಭ. ಹಳದಿ ಎಲ್‌ಇಡಿ ಎರಡು, ಸಿಆರ್ 2032 ಬಿಲ್ಲೆ ಸೆಲ್ ಎರಡು, ದೊಡ್ಡ ನೆಲ್ಲಿಕಾಯಿ ಗಾತ್ರದ ಥರ್ಮಾಕೋಲ್ ಉಂಡೆ ಎರಡು. ಎಲ್‌ಇಡಿಗೆ ಎರಡು ಕಾಲು, ಉದ್ದನೆಯದು ಪ್ಲಸ್. ಸೆಲ್ಲಿನ ಅಕ್ಷರ ಬರೆದ ಅಗಲ ಮುಖ ಪ್ಲಸ್. ಸೆಲ್ಲನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿ ಟೇಪ್ ಸುತ್ತಿದರೆ ಉರಿಯುತ್ತದೆ. ಬೇರೆ ಕಡೆ ಎಲ್‌ಇಡಿಗೆ ಕರೆಂಟ್ ತಗ್ಗಿಸುವ ರೆಸಿಸ್ಟರ್ ಬೇಕೇ ಬೇಕು. ಇಲ್ಲಿ ಬೇಡ, ಆ ಪುಟ್ಟ ಸೆಲ್ಲಿಗೆ ಎಲ್‌ಇಡಿಯನ್ನು ಸುಡುವಷ್ಟು ಕರೆಂಟ್ ಕೊಡುವ ತಾಕತ್ತೇ ಇಲ್ಲ. ಎಲ್‌ಇಡಿಯ ತಲೆಯನ್ನು ಥರ್ಮಾಕೋಲ್ ಉಂಡೆಗೆ ಚುಚ್ಚಿ, ಉಂಡೆಯ ಸುತ್ತ ಚಿನ್ನದ ದಾರ ಸುತ್ತಿ. ಉಂಡೆ ಪೂರ್ತಿ ಹೊಳೆಯುತ್ತದೆ.

ನೇಪಥ್ಯದಲ್ಲಿ ಸಂಜೆಯಿಂದಲೇ ಉರಿಸುವುದು ಬೇಡ ಅಂದರೆ ಸೆಲ್ ಮತ್ತು ಕಾಲಿನ ನಡುವೆ ಒಂದು ಚೂರು ಕಾಗದ ಇಟ್ಟಿರಿ. ರಂಗಕ್ಕೆ ಹೋಗುವಾಗ ಕಾಗದ ಎಳೆದರೆ ಹತ್ತಿಕೊಳ್ಳುತ್ತದೆ. ಕಿವಿಗೆ ನೇರವಾಗಿ ತೂಗುಹಾಕುವ ಬದಲು ಕಿರೀಟದ ಪಟ್ಟಿಗೆ ಕೊಕ್ಕೆ ಹಾಕಿ ಕಿವಿಯ ಮುಂದೆ ಇಳಿಬಿಡಿ.

ಈ ಬಿಲ್ಲೆ ಸೆಲ್ ವಿಚಾರದಲ್ಲಿ ಮಾತ್ರ ಹುಡುಗಾಟ ಬೇಡ. ಸಣ್ಣ ಮಕ್ಕಳು ಪೆಪ್ಪರ್‌ಮೆಂಟ್ ಅಂತ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅನ್ನನಾಳವನ್ನು ಸುಡಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ಕಾಯದೆ ಆಸ್ಪತ್ರೆಗೆ ಓಡಬೇಕು. ನೇಪಥ್ಯ ಅಂದರೆ ಗೊತ್ತಲ್ಲ, ಬಣ್ಣ ಹಚ್ಚುವುದನ್ನು ನೋಡಲು ಊರಿನ ಮಕ್ಕಳೆಲ್ಲ ಅಲ್ಲೇ ಇರುತ್ತಾರೆ. ಸೆಲ್ಲುಗಳನ್ನು ಎಣಿಸಿ ತಗೊಂಡು ಹೋಗಿ, ಎಣಿಸಿ ವಾಪಸ್ ತನ್ನಿ. ಚಿಕ್ಕ ಮಕ್ಕಳ ಛದ್ಮವೇಷಕ್ಕೆ ಇದು ಬೇಡವೇ ಬೇಡ.

ರಂಗದ ಮೇಲೆ

ಎಷ್ಟೇ ಚೆನ್ನಾಗಿ ಮಾಡಿದರೂ ಎದುರಿಗೆ ನಾಲ್ಕು ದೊಡ್ಡ ಫೋಕಸ್ ಲೈಟ್ ಉರಿಯುತ್ತಿದ್ದರೆ ನಿಮ್ಮ ಸೂರ್ಯ ಹಗಲಿನ ಚಂದ್ರನಾಗುತ್ತಾನೆ. ಲೈಟಿನವರನ್ನು ಮುಂಚೆಯೇ ಮಾತಾಡಿಸಿ, ಆ ಸೀನಿಗೆ ಎದುರಿನ ಲೈಟ್ ಕಡಿಮೆ ಮಾಡಿಸಿ, ಪಕ್ಕದ ನೀಲಿ ಮಾತ್ರ ಉಳಿಸಿಕೊಳ್ಳಿ. ಸ್ಟ್ರಿಪ್ ಜೊತೆ ಮಿಣಮಿಣ ಮಿಂಚುವ ರಿಮೋಟ್ ಕೊಟ್ಟಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಮಿಂಚುವ ಕರ್ಣನನ್ನು ನೋಡಿ ಯಾರೂ ಅಳುವುದಿಲ್ಲ. ಕವಚವನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಗ್ಲೂ ಗನ್ನಿನ ಅಂಟು ಮೆತ್ತಗಾಗಿ ಸೂರ್ಯ ಕಳಚಿ ಬೀಳುತ್ತಾನೆ. ರಂಗಕ್ಕೆ ಹೋಗುವ ಮುಂಚೆ ಪಿನ್ ಸಿಕ್ಕಿಸಿ, ಪವರ್ ಬ್ಯಾಂಕಿನ ಗುಂಡಿ ಒತ್ತಿ, ಉರಿಯಿತೇ ನೋಡಿ ಕಳಿಸಿ. ಇದಕ್ಕೆ ಒಬ್ಬರನ್ನು ನೇಮಿಸಿ. ನಟನ ತಲೆಯಲ್ಲಿ ಆಗ ಪದ್ಯ ಬಿಟ್ಟು ಬೇರೇನೂ ಇರಲ್ಲ.

ಈ ವರ್ಷದ ಹಬ್ಬಕ್ಕೆ ಆ ಕೆಲಸ ನನ್ನದೇ ಆಗಿತ್ತು. ಸೈಡ್ ವಿಂಗಿನಲ್ಲಿ ನಿಂತಿದ್ದೆ. ಇಂದ್ರ ಕೈ ಚಾಚಿದ. ಚಿಕ್ಕಪ್ಪ ಎರಡೂ ಕೈಯಲ್ಲಿ ಕವಚ ಹಿಡಿದು ಮೇಲಕ್ಕೆ ಎಳೆದರು. ಚರ್ರ್ ಅಂತ ಸದ್ದು, ಸೂರ್ಯ ಆರಿದ, ರಂಗದ ಮೇಲೆ ನೀಲಿ ಬೆಳಕು ಮಾತ್ರ ಉಳಿಯಿತು. ಹುಡುಗರು ಸಿಳ್ಳೆ ಹೊಡೆಯಲಿಲ್ಲ. ಆಮೇಲೆ ಅವರು ಕುಂಡಲ ಬಿಚ್ಚಿ ಇಂದ್ರನ ಅಂಗೈಗೆ ಹಾಕಿದರು. ಅವನ್ನು ಆರಿಸುವ ವ್ಯವಸ್ಥೆಯನ್ನೇ ನಾನು ಮಾಡಿರಲಿಲ್ಲ, ಮರೆತೇ ಹೋಗಿತ್ತು. ಇಂದ್ರ ಕತ್ತಲಲ್ಲಿ ಆ ಎರಡು ಹಳದಿ ಉಂಡೆಗಳನ್ನು ಹಾಗೇ ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಹೋದ, ಬೆರಳ ಸಂದಿಯಿಂದ ಬೆಳಕು ಸೋರುತ್ತಿತ್ತು.

ಬೆಳಗ್ಗೆ ಬಣ್ಣ ಒರೆಸುವಾಗ ಅವನಿಂದ ಎರಡೂ ಸೆಲ್ ಎಣಿಸಿ ವಾಪಸ್ ತಗೊಂಡೆ. ಇನ್ನೂ ಸಣ್ಣಗೆ ಉರಿಯುತ್ತಿದ್ದವು.